ಬೆಳಕು ಮೊದಲು, ಬೀರು ಆಮೇಲೆ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕನ್ನು ಕುರಿತು ಬರೆದವು. ಮನೆಯಲ್ಲಿ ಬಿಡುವಾಗಿರುವುದು ಒಂದೇ ಕೋಣೆ. ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಸಂಬಳದ ಕೆಲಸವೂ ಅಲ್ಲೇ ನಡೆಯಬೇಕು, ಹೊಲಿಗೆ, ಕಸೂತಿ, ಕುಚ್ಚು, ಮಣಿಸರದಂತಹ ಕೈಕೆಲಸವೂ ಅಲ್ಲೇ ನಡೆಯಬೇಕು, ಕೈಯಲ್ಲಿರುವ ಹಣ ಮಾತ್ರ ಕಡಿಮೆ. ಆರು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಹೆಸರು ಬೇಡವೆಂದು ಕೆಲವರು ಕೋರಿರುವುದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನ ಸಂಸ್ಥೆಯೊಂದರ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಸಂಜೆ ಮತ್ತು ರಜೆಯ ದಿನಗಳಲ್ಲಿ ಸೀರೆಗಳಿಗೆ ಕಸೂತಿ ಹಾಕಿಕೊಡುತ್ತೇನೆ. ಅತ್ತೆಯವರು ಕೌದಿ ಹೊಲಿಯುತ್ತಾರೆ. ಹಳೆಯ ಮನೆಯ 11 ಅಡಿ ಉದ್ದ, 10 ಅಡಿ ಅಗಲದ ಕೋಣೆಯನ್ನು ಇದಕ್ಕೆಂದು ಬಿಟ್ಟುಕೊಟ್ಟಿದ್ದಾರೆ. ಉತ್ತರದ ಗೋಡೆಯಲ್ಲಿ ನಾಲ್ಕು ಅಡಿಯ ಕಿಟಕಿಯಿದೆ, ಬಾಗಿಲು ದಕ್ಷಿಣದ ಗೋಡೆಯ ಪಶ್ಚಿಮ ಮೂಲೆಯಲ್ಲಿದೆ. ಗೋಡೆಯುದ್ದಕ್ಕೂ ಬೀರು ಮತ್ತು ಮೇಜು ಮಾಡಿಕೊಡಲು ಬಡಗಿಯವರು ಒಂದೂಕಾಲು ಲಕ್ಷ ಕೇಳಿದ್ದಾರೆ. ನನ್ನ ಬಳಿ ಇರುವುದು 40,000 ರೂಪಾಯಿ. ಬೀರುವನ್ನು ಅರ್ಧಕ್ಕೆ ಇಳಿಸಿ ಮಾಡಿಸಲೇ?
– ಓದುಗರು, ಧಾರವಾಡ

ಉತ್ತರ: ಬೀರುವನ್ನು ಅರ್ಧಕ್ಕೆ ಇಳಿಸಬೇಡಿ, ಸದ್ಯಕ್ಕೆ ಪೂರ್ತಿ ಬಿಟ್ಟುಬಿಡಿ. ಹೀಗೆ ನೇರವಾಗಿ ಹೇಳುವುದಕ್ಕೆ ಕಾರಣವಿದೆ. ಕೋಣೆಯೆಂದರೆ ಮೊದಲು ಮರದ ಕೆಲಸ ಎಂದು ನಾವು ತಿಳಿದುಬಿಟ್ಟಿದ್ದೇವೆ. ಹಣವೆಲ್ಲ ಪ್ಲೈವುಡ್ಡಿಗೂ ಮೈಕಾಕ್ಕೂ ಹೋದ ಮೇಲೆ ದೀಪಕ್ಕೆ, ಕುರ್ಚಿಗೆ, ಪ್ಲಗ್ ಪಾಯಿಂಟಿಗೆ ಏನೂ ಉಳಿಯುವುದಿಲ್ಲ. ಕಣ್ಣು, ಬೆನ್ನು ಮತ್ತು ಜೀವ ಕಾಯುವ ವಸ್ತುಗಳು ಈ ಮೂರೇ ಆಗಿರುವಾಗ ಇವುಗಳ ಸರದಿ ಕೊನೆಗೆ ಬರುವುದು ನನಗೆ ಸರಿಯೆನಿಸುವುದಿಲ್ಲ. ನಮ್ಮ ಮನೆಯ ಕೆಲಸದ ಕೋಣೆಗೆ ನಾನು ಮೊದಲು ಮಾಡಿಸಿದ್ದು ಗೋಡೆಯಿಂದ ಗೋಡೆಗೆ ಎರಡು ಅಡಿ ಆಳದ ಬೀರು. ಆಳದ ಅರೆಯಲ್ಲಿ ಹಿಂದೆ ಸರಿದ ಸಾಮಾನು ಕಣ್ಣಿಗೇ ಬೀಳದೆ, ಇದ್ದ ಬಣ್ಣದ ದಾರವನ್ನೇ ಮತ್ತೆ ಮತ್ತೆ ಕೊಳ್ಳುತ್ತಿದ್ದೆವು.

ಬೀರುವಿನ ಎರಡು ಅಡಿ ಆಳ ಬಂದದ್ದು ಹ್ಯಾಂಗರಿಗೆ ಬಟ್ಟೆ ತೂಗುಹಾಕುವ ಅಗತ್ಯದಿಂದ. ನಿಮ್ಮ ಕಡತಗಳಾಗಲಿ, ಮಡಿಸಿದ ಸೀರೆಯಾಗಲಿ, ದಾರದ ಡಬ್ಬಿಯಾಗಲಿ 15 ಇಂಚಿಗಿಂತ ಹೆಚ್ಚು ಆಳ ಕೇಳುವುದಿಲ್ಲ. ಹತ್ತು ಅಡಿಯ ಗೋಡೆಗೆ ಎರಡು ಅಡಿ ಆಳದ ಬೀರು ಕೂರಿಸಿದರೆ ನಿಮ್ಮ 110 ಚದರ ಅಡಿಯಲ್ಲಿ 20 ಚದರ ಅಡಿ ಅಲ್ಲೇ ಹೋಯಿತು. ನಿಮಗೆ ಆ ನೆಲ ಬೇಕು, ನಿಮ್ಮ ಅತ್ತೆಯವರಿಗಂತೂ ಇನ್ನೂ ಹೆಚ್ಚಾಗಿ ಬೇಕು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸುಕ್ಕು ಬಿಡಿಸಿ, ಅಂಚಿನಿಂದ ಒಳಕ್ಕೆ ಹೊಲಿಗೆ ಹಾಕುತ್ತಾ ಬರುವ ಕೌದಿಗೆ ಯಾವ ಮೇಜೂ ಸಾಲದು. ನಮ್ಮ ಬಹುಪಾಲು ಕೈಕೆಲಸಗಳು ಚಾಪೆಯ ಮೇಲೆ ಕುಳಿತು ಬೆಳೆದು ಬಂದವು. ಆದ್ದರಿಂದ ನಿಮ್ಮ ಕೋಣೆಯ ಅತಿ ದೊಡ್ಡ ಮೇಜು ಅದರ ನೆಲವೇ ಎಂದು ಭಾವಿಸಿ, ಅದನ್ನು ಖಾಲಿ ಉಳಿಸಿಕೊಳ್ಳುವಂತೆ ಉಳಿದದ್ದನ್ನು ಜೋಡಿಸೋಣ.

ಏನನ್ನೂ ಕೊಳ್ಳುವ ಮೊದಲು ಒಂದು ರಜೆಯ ದಿನ ಖಾಲಿ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಕುಳಿತು ನೋಡಿ. ಬೆಳಕು ಎಲ್ಲಿ ಬೀಳುತ್ತದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನಿಮಗೆ ಉತ್ತರದ ಕಿಟಕಿ ಇರುವುದು ದೊಡ್ಡ ಅನುಕೂಲ, ಏಕೆಂದರೆ ವರ್ಷದ ಹೆಚ್ಚು ಕಾಲ ಅಲ್ಲಿಂದ ನೇರ ಬಿಸಿಲು ಬರದೆ ದಿನವಿಡೀ ಒಂದೇ ಸಮನಾದ ಬೆಳಕು ಸಿಗುತ್ತದೆ. ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಮಾತ್ರ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಸ್ವಲ್ಪ ಉತ್ತರಕ್ಕೆ ಸರಿಯುವುದರಿಂದ ಬೆಳಿಗ್ಗೆ ಮತ್ತು ಸಂಜೆ ಓರೆಬಿಸಿಲು ಒಳಗೆ ಬರಬಹುದು. ಅದಕ್ಕೆ ತೆಳುವಾದ ಬಿಳಿಯ ಹತ್ತಿಬಟ್ಟೆಯ ಪರದೆ ಸಾಕು.

ಕಂಪ್ಯೂಟರಿನ ಮೇಜನ್ನು ಕಿಟಕಿಗೆ ಎದುರಾಗಿಯೂ ಇಡಬಾರದು, ಕಿಟಕಿಗೆ ಬೆನ್ನು ಮಾಡಿಯೂ ಇಡಬಾರದು. ಎದುರಿಗಿದ್ದರೆ ಕಂಪ್ಯೂಟರ್ ಪರದೆಯ ಹಿಂದಿನ ಪ್ರಖರ ಬೆಳಕಿನಿಂದ ಕಣ್ಣು ದಣಿಯುತ್ತದೆ, ಬೆನ್ನ ಹಿಂದಿದ್ದರೆ ಕಿಟಕಿಯೇ ಆ ಪರದೆಯಲ್ಲಿ ಪ್ರತಿಫಲಿಸುತ್ತದೆ. ಕಿಟಕಿ ಪಕ್ಕದಲ್ಲಿರಬೇಕು, ಬಲಗೈ ಬಳಸುವವರಿಗೆ ಎಡಪಕ್ಕದಲ್ಲಿದ್ದರೆ ಬರೆಯುವ ಮತ್ತು ಹೊಲಿಯುವ ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಆದ್ದರಿಂದ ನಿಮ್ಮ ಮೇಜು ಪೂರ್ವದ ಗೋಡೆಗೆ ಸೇರಿರಲಿ. ಪೂರ್ವಕ್ಕೆ ಮುಖ ಮಾಡಿ ಕುಳಿತಾಗ ಕಿಟಕಿ ತಾನಾಗಿಯೇ ಎಡಕ್ಕೆ ಬರುತ್ತದೆ. ನೀವು ಎಡಗೈಯವರಾಗಿದ್ದರೆ ಮೇಜನ್ನು ಪಶ್ಚಿಮದ ಗೋಡೆಗೆ, ಕಿಟಕಿಯ ಕಡೆಯ ತುದಿಗೆ ಸರಿಸಿಕೊಳ್ಳಿ.

ಮೇಜಿಗೆ ಪ್ಲೈವುಡ್ ಕತ್ತರಿಸಿ ಮಾಡಿಸುವ ಬದಲು ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲದ ಒಂದು ಫ್ಲಶ್ ಡೋರ್ ಕೊಳ್ಳಿ. ಬಾಗಿಲಿಗೆಂದು ತಯಾರಾದ ಹಲಗೆ ನೇರವಾಗಿ, ಗಟ್ಟಿಯಾಗಿ ಇರುತ್ತದೆ, ಅಂಚಿನ ಕೆಲಸವೂ ಮುಗಿದಿರುತ್ತದೆ. ಒಳಗೆ ಟೊಳ್ಳಿರುವುದನ್ನು ಕೊಳ್ಳಬೇಡಿ, ಮರದ ಪಟ್ಟಿ ತುಂಬಿದ್ದನ್ನೇ ಕೇಳಿ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಒಂದಿಂಚಿನ ಚೌಕ ಪೈಪಿನಿಂದ ಎರಡು ಕಾಲುಗಳನ್ನು ಮಾಡಿಸಿ, ಎರಡನ್ನೂ ಹಿಂಬದಿಯಲ್ಲಿ ಉದ್ದನೆಯ ಒಂದು ಪೈಪಿನಿಂದ ಸೇರಿಸಲು ಹೇಳಿ. ಕಾಲುಗಳು ತೀರ ತುದಿಯಲ್ಲಿರದೆ ಎರಡೂ ಕಡೆ ಒಂದೊಂದು ಅಡಿ ಒಳಗಿದ್ದರೆ ಹಲಗೆ ನಡುವೆ ಬಾಗುವುದಿಲ್ಲ. ಎತ್ತರದ ವಿಷಯದಲ್ಲಿ ಅಂಗಡಿಯವರ ಮಾತನ್ನು ಕೇಳದೆ ನಿಮ್ಮ ಮೈಯ ಅಳತೆಯನ್ನು ಕೇಳಿ. ಸಾಮಾನ್ಯವಾಗಿ ಸಿಗುವ ಮೇಜು 30 ಇಂಚು ಎತ್ತರವಿರುತ್ತದೆ, ಐದು ಅಡಿಯ ಆಸುಪಾಸಿನ ಹೆಂಗಸರಿಗೆ ಈ ಎತ್ತರ ಜಾಸ್ತಿಯಾಗಿ ಭುಜ ನೋಯುತ್ತದೆ. ಕುರ್ಚಿಯಲ್ಲಿ ಕುಳಿತು ಮೊಣಕೈ ಮಡಿಸಿ, ಮೊಣಕೈಯಿಂದ ನೆಲಕ್ಕೆ ಎಷ್ಟಿದೆಯೆಂದು ಟೇಪು ಹಿಡಿದು ಅಳೆಯಿರಿ. ಮೇಜಿನ ಮೇಲ್ಮೈ ಅಷ್ಟಕ್ಕೇ ನಿಂತರೆ ಸರಿ. ಪಾದ ನೆಲಕ್ಕೆ ತಾಗದಿದ್ದರೆ ಊಟಕ್ಕೆ ಕೂರುವ ಮರದ ಮಣೆಯೊಂದನ್ನು ಕಾಲ ಕೆಳಗೆ ಇಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ಕಾಲುಮಣೆ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ದೀಪದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬಹುತೇಕ ಕೋಣೆಗಳು ಸೋಲುವುದು ಇಲ್ಲೇ. ನಾಲ್ಕು ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ. ನಿಮ್ಮ ಕೋಣೆ ಸುಮಾರು ಹತ್ತು ಚದರ ಮೀಟರ್. ಬೆಳಕೆಲ್ಲ ನೆಲಕ್ಕೇ ಬಿತ್ತೆಂದು ಎಣಿಸಿದರೂ ಪ್ರತಿ ಚದರ ಮೀಟರಿಗೆ 200 ಲ್ಯೂಮೆನ್, ಅಂದರೆ 200 ಲಕ್ಸ್ ಆಯಿತು. ಕಚೇರಿಯ ಓದುಬರಹಕ್ಕೆ 500 ಲಕ್ಸ್ ಬೇಕೆಂಬುದು ಸಾಮಾನ್ಯ ಅಳತೆ, ಎಳೆ ಎಣಿಸುವ ಕಸೂತಿಗೆ ಅದಕ್ಕಿಂತಲೂ ಹೆಚ್ಚು ಬೇಕು. ಚಾವಣಿಯಲ್ಲಿ ಟ್ಯೂಬುಗಳನ್ನು ಹೆಚ್ಚಿಸುವುದಕ್ಕಿಂತ ಕೈಯ ಹತ್ತಿರಕ್ಕೆ ದೀಪ ತರುವುದು ಅಗ್ಗ. ಕತ್ತು ಬಾಗಿಸಬಲ್ಲ ಎರಡು ಟೇಬಲ್ ಲ್ಯಾಂಪ್ ಕೊಳ್ಳಿ, ಒಂದು ಮೇಜಿಗೆ, ಇನ್ನೊಂದು ನೆಲದ ಕೆಲಸಕ್ಕೆ. ಬಲ್ಬು 4000 ಕೆಲ್ವಿನ್ ಬಣ್ಣದ್ದಾಗಿರಲಿ, ಅಂದರೆ ತೀರ ಹಳದಿಯೂ ಅಲ್ಲದ, ತೀರ ನೀಲಿ ಬಿಳುಪೂ ಅಲ್ಲದ ಬೆಳಕಿನದು. ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂದು ಬರೆದಿರುವ, ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಂಕಿ 90ಕ್ಕಿಂತ ಮೇಲಿದ್ದರೆ ಸಂಜೆ ಆರಿಸಿದ ಕುಂಕುಮಗೆಂಪು ದಾರ ಬೆಳಿಗ್ಗೆ ನೋಡಿದಾಗ ಇಟ್ಟಿಗೆಗೆಂಪಾಗಿ ಕಾಣುವ ನಿರಾಸೆ ತಪ್ಪುತ್ತದೆ.

ಕಸೂತಿಯವರಿಗೆಂದೇ ಒಂದು ಮಾತು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಗವಂತಿ, ಮುರ್ಗಿ ಎಂಬ ಕಸೂತಿ ಹೊಲಿಗೆಗಳನ್ನು ಹಾಕುವ ನಿಮಗೆ ಕರಿಯ ಚಂದ್ರಕಾಳಿ ಸೀರೆ ಎಷ್ಟು ಕಷ್ಟ ಕೊಡುತ್ತದೆಂಬುದು ಗೊತ್ತೇ ಇದೆ. ನನ್ನ ತಾಯಿ ತೊಡೆಯ ಮೇಲೆ ಮಡಿಸಿದ ಬಿಳಿ ಪಂಚೆ ಹಾಸಿ, ಅದರ ಮೇಲೆ ಕರಿಯ ಬಟ್ಟೆ ಇಟ್ಟುಕೊಂಡು ಸೂಜಿ ಹಿಡಿಯುತ್ತಿದ್ದರು. ದೀಪದ ಬೆಳಕು ಬಿಳಿಯಿಂದ ತಿರುಗಿ ಬಂದು ನೂಲುಗಳ ನಡುವಿನ ಸಂದುಗಳನ್ನು ಕೆಳಗಿನಿಂದ ಬೆಳಗುತ್ತದೆ. ಕರಿಯ ಬಟ್ಟೆಯಲ್ಲಿ ಆವರೆಗೆ ಕಾಣದಿದ್ದ ಎಳೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಖರ್ಚಿಲ್ಲದ ಈ ಉಪಾಯವನ್ನು ದುಬಾರಿ ದೀಪಕ್ಕೆ ಮೊದಲು ಮಾಡಿನೋಡಿ.

ಸಾಮಾನು ಇಡಲು ಪಶ್ಚಿಮದ ಗೋಡೆಗೆ, ಬಾಗಿಲಿನ ಜಾಗ ಬಿಟ್ಟು, ಅಂಗಡಿಗಳಲ್ಲಿ ಬಳಸುವ ತೂತಿನ ಕಬ್ಬಿಣದ ಆಂಗಲ್ ರ್ಯಾಕ್ ನಿಲ್ಲಿಸಿ. 15 ಇಂಚು ಆಳದ್ದು ಸಾಕು. ಅರೆಗಳ ಎತ್ತರವನ್ನು ನಟ್ಟು ಬಿಚ್ಚಿ ಬದಲಿಸಿಕೊಳ್ಳಬಹುದು, ಮುಂದೆ ಬೀರು ಮಾಡಿಸಿದರೆ ಇದು ಅಡುಗೆಮನೆಯ ಉಗ್ರಾಣಕ್ಕೆ ಹೋಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಯಾಗಿದ್ದರೆ ಮೊಳೆ ಹೊಡೆದು ಭಾರದ ಹಲಗೆ ತೂಗುಹಾಕಬೇಡಿ. ರ್ಯಾಕಿನ ಭಾರ ನೆಲದ ಮೇಲೆಯೇ ನಿಲ್ಲಬೇಕು, ಗೋಡೆಗೆ ಕೊಡುವ ಕೊಂಡಿ ಅದು ಮುಂದಕ್ಕೆ ವಾಲದಂತೆ ಹಿಡಿಯುವುದಕ್ಕೆ ಮಾತ್ರ. ಗೋಡೆಯಲ್ಲಿ ಹಳೆಯ ಕಾಲದ ಮಾಡಗಳಿದ್ದರೆ ಅವುಗಳನ್ನು ಮುಚ್ಚಿಸದೆ ದಿನಬಳಕೆಯ ಕತ್ತರಿ, ಟೇಪು, ಸೂಜಿಪೆಟ್ಟಿಗೆಗಳಿಗೆ ಬಿಡಿ. ಮಣಿಗಳಿಗೆ ಏಳು ಬಟ್ಟಲಿನ ಮಸಾಲೆ ಡಬ್ಬಿ, ದಾರದ ಲಡಿಗಳಿಗೆ ಪಾರದರ್ಶಕ ಡಬ್ಬಿ, ಗಿರಾಕಿಗಳ ಸೀರೆಗೆ ಹಳೆಯ ಸೀರೆಪೆಟ್ಟಿಗೆ ಸಾಕು. ಪೆಟ್ಟಿಗೆಯ ಮುಂಬದಿಯಲ್ಲಿ ಒಳಗೇನಿದೆಯೆಂದು ದಪ್ಪಕ್ಷರದಲ್ಲಿ ಬರೆಯಿರಿ. ನಿಮ್ಮದು ಕಾವಿನೆಲವಾಗಿದ್ದರೆ ಬಿದ್ದ ಸೂಜಿ ಕಾಣುವುದಿಲ್ಲ. ಚಾಪೆಯ ಮೇಲೆ ಬಿಳಿ ಹಾಸು ಹಾಕಿಕೊಂಡು ಕೂರುವುದನ್ನೂ ಎದ್ದೇಳುವ ಮೊದಲು ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ಸುತ್ತಲೂ ಆಡಿಸುವುದನ್ನೂ ರೂಢಿ ಮಾಡಿಕೊಳ್ಳಿ. ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮರೆಯುವಂತಿಲ್ಲ.

40,000 ರೂಪಾಯಿಯನ್ನು ನಾನು ಹಂಚುವುದಾದರೆ ವೈರಿಂಗ್ ಮತ್ತು ಪ್ಲಗ್ ಪಾಯಿಂಟುಗಳಿಗೆ 6,000, ದೀಪಗಳಿಗೆ 4,000, ಕುರ್ಚಿಗೆ 8,000, ಮೇಜಿಗೆ 7,000, ರ್ಯಾಕಿಗೆ 6,000, ಬಣ್ಣಕ್ಕೆ 5,000 ಎಂದು ಎತ್ತಿಡುತ್ತೇನೆ. ಉಳಿದ 4,000 ರೂಪಾಯಿಯನ್ನು ಮೂರು ತಿಂಗಳು ಮುಟ್ಟಬೇಡಿ. ಆ ಕೋಣೆಯಲ್ಲಿ ಮೂರು ತಿಂಗಳು ಕೆಲಸ ಮಾಡಿದ ಮೇಲೆ ಏನು ಕಡಿಮೆಯಾಗಿದೆ ಎಂಬುದು ನಿಮಗೇ ತಿಳಿದಿರುತ್ತದೆ. ಊರಿನಿಂದ ಊರಿಗೆ ದರಗಳಲ್ಲಿ ಹೆಚ್ಚುಕಡಿಮೆ ಇರುವುದರಿಂದ ಒಂದರಲ್ಲಿ ಉಳಿದದ್ದನ್ನು ಕುರ್ಚಿಗೆ ಸೇರಿಸಿ. ಬಣ್ಣಕ್ಕೆ ಚಾವಣಿ ಅಪ್ಪಟ ಬಿಳಿಯಾಗಿಯೂ ಗೋಡೆಗಳು ತಿಳಿ ಬಣ್ಣದವಾಗಿಯೂ ಇದ್ದರೆ ಇರುವ ಬೆಳಕೇ ಹೆಚ್ಚಿದಂತಾಗುತ್ತದೆ.

ಪ್ರಶ್ನೆ: ಹೊಲಿಗೆಯೇ ನನ್ನ ಜೀವನೋಪಾಯ. ಮಗ ಅದೇ ಕೋಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಕಂಪ್ಯೂಟರ್, ಹೊಲಿಗೆ ಯಂತ್ರದ ಮೋಟಾರು ಮತ್ತು ಇಸ್ತ್ರಿ ಪೆಟ್ಟಿಗೆ ಇವೆ. ಇಸ್ತ್ರಿ ಹಾಕಿದಾಗ ಕೆಲವೊಮ್ಮೆ ಕಂಪ್ಯೂಟರ್ ಆರಿಹೋಗುತ್ತದೆ. ಇನ್ನೂ ಒಳ್ಳೆಯ ಬೋರ್ಡ್ ತಂದರೆ ಸರಿಹೋಗುವುದೇ?
– ಓದುಗರು, ತುಮಕೂರು

ಉತ್ತರ: ಬೋರ್ಡ್ ಬದಲಿಸಿದರೆ ಸಾಲದು, ಇಸ್ತ್ರಿಯನ್ನು ಅದರಿಂದ ಇವತ್ತೇ ಬೇರೆ ಮಾಡಿ. ಮೋಟಾರು ಸುಮಾರು ನೂರು ವ್ಯಾಟ್ ಎಳೆಯುತ್ತದೆ, ಕಂಪ್ಯೂಟರೂ ಹೆಚ್ಚೇನೂ ಎಳೆಯುವುದಿಲ್ಲ. ಸಾಮಾನ್ಯ ಇಸ್ತ್ರಿ ಪೆಟ್ಟಿಗೆಯೇ 1000 ವ್ಯಾಟ್. ನಮ್ಮ 230 ವೋಲ್ಟಿನಲ್ಲಿ ಅದು ನಾಲ್ಕು ಆಂಪಿಯರಿಗಿಂತ ಹೆಚ್ಚು, ಆವಿಯ ಇಸ್ತ್ರಿ 1600 ವ್ಯಾಟಿನದಾದರೆ ಏಳು ಆಂಪಿಯರ್. ಸಣ್ಣ ಬೋರ್ಡುಗಳ ಪ್ಲಗ್ 6 ಆಂಪಿಯರಿನದು, ಒಳಗಿನ ತಂತಿಯೂ ತೆಳು. ಇಸ್ತ್ರಿ ಕಾಯುವಾಗಲೆಲ್ಲ ತಂತಿಯಲ್ಲಿ ವೋಲ್ಟೇಜ್ ಕುಸಿದು ಕಂಪ್ಯೂಟರ್ ಆರುತ್ತದೆ. ಅದು ನಿಮಗೆ ಸಿಕ್ಕಿರುವ ಎಚ್ಚರಿಕೆ. ಪ್ಲಗ್ ಎಳೆದು ಅದರ ಪಿನ್ನುಗಳನ್ನೂ ಸಾಕೆಟ್ಟಿನ ತೂತುಗಳ ಅಂಚನ್ನೂ ನೋಡಿ. ಕಂದುಬಣ್ಣ ತಿರುಗಿದ್ದರೆ ಅಥವಾ ಪ್ಲಾಸ್ಟಿಕ್ ಮೆತ್ತಗಾಗಿದ್ದರೆ ಆ ಬೋರ್ಡನ್ನು ಮತ್ತೆ ಬಳಸಬೇಡಿ. ಸುತ್ತಲೂ ಬಟ್ಟೆಯ ಚೂರು, ದಾರದ ನವಿರು ತುಂಬಿರುವ ಕೋಣೆಯಲ್ಲಿ ಒಂದು ಕಿಡಿಯೂ ದೊಡ್ಡದು.

ಪರವಾನಗಿ ಇರುವ ವೈರಿಂಗ್ ಕೆಲಸದವರನ್ನು ಕರೆಸಿ, ಮುಖ್ಯ ಬೋರ್ಡಿನಿಂದ ನೇರವಾಗಿ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ ಇಸ್ತ್ರಿಗೆಂದೇ 16 ಆಂಪಿಯರಿನ ಪಾಯಿಂಟ್ ಹಾಕಿಸಿ. ಹಳೆಯ ಮನೆಯಾದರೆ ಅರ್ಥಿಂಗ್ ತಂತಿ ನಿಜವಾಗಿಯೂ ಇದೆಯೇ ಎಂದು ಪರೀಕ್ಷಿಸಲು ಹೇಳಿ. ಮೂರು ತೂತಿನ ಸಾಕೆಟ್ ಇದ್ದು, ಅದರ ಹಿಂದೆ ಎರಡೇ ತಂತಿ ಬಂದಿರುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಸಾಧ್ಯವಾದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಕೂರಿಸಿ. ವಿದ್ಯುತ್ತು ಮೈಮೂಲಕ ಸೋರಿದರೆ ಕ್ಷಣದಲ್ಲಿ ಸರಬರಾಜು ಕಡಿಯುವ ಸಾಧನ ಅದು. ಇಸ್ತ್ರಿಯ ಜಾಗ ಕಂಪ್ಯೂಟರಿನ ಎದುರಿನ ಗೋಡೆಗಿರಲಿ, ವೈರು ಯಾರ ಕಾಲಿಗೂ ತೊಡರದಿರಲಿ. ಬೇರೆ ಯಾವ ಖರ್ಚನ್ನು ಮುಂದೂಡಿದರೂ ಇದನ್ನು ದಯವಿಟ್ಟು ಮುಂದೂಡಬೇಡಿ.

ಪ್ರಶ್ನೆ: ನಮ್ಮದು ಹೆಂಚಿನ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಬಟ್ಟೆ, ಬಣ್ಣದ ಕಾಗದ, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಕಳೆದ ವರ್ಷ ತಂದ ಕಂಪ್ಯೂಟರ್ ಮೇಜಿನ ಅಂಚು ಹಪ್ಪಳದಂತೆ ಉಬ್ಬಿದೆ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?
– ಓದುಗರು, ಪುತ್ತೂರು

ಉತ್ತರ: ಉಬ್ಬಿದ ಮೇಜು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯದು. ಅಂಚಿನ ಪಟ್ಟಿ ಸ್ವಲ್ಪ ಬಿಟ್ಟರೂ ಅಲ್ಲಿಂದ ನೀರು ಹೀರಿಕೊಂಡು ಉಬ್ಬುತ್ತದೆ, ಮತ್ತೆ ಕೂರುವುದಿಲ್ಲ. ನಿಮ್ಮ ಊರಿನ ಮಳೆಗೆ ಅದನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು. ಬಣ್ಣ ಹೊಡೆದ ಕಬ್ಬಿಣ, ಹಳೆಯ ಗಟ್ಟಿಮರ ಅಥವಾ ಬಿಡಬ್ಲ್ಯುಆರ್ ಎಂದು ಮುದ್ರೆಯಿರುವ, ಕುದಿನೀರನ್ನು ತಡೆಯುವ ಅಂಟಿನ ಪ್ಲೈವುಡ್ ಬಳಸಿ.

ಬೂಷ್ಟು ಬರುವುದು ಗಾಳಿ ನಿಂತಲ್ಲಿ. ರ್ಯಾಕನ್ನಾಗಲಿ ಬೀರುವನ್ನಾಗಲಿ ಗೋಡೆಯಿಂದ ಎರಡು ಮೂರು ಇಂಚು ಮುಂದಕ್ಕೆ, ನೆಲದಿಂದ ನಾಲ್ಕು ಇಂಚು ಮೇಲಕ್ಕೆ ನಿಲ್ಲಿಸಿ. ಮಳೆ ಬಡಿಯುವ ದಿಕ್ಕಿನ ಗೋಡೆಗೆ ಏನನ್ನೂ ಒರಗಿಸಬೇಡಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡುವುದು ಹಲವರ ರೂಢಿ. ಒಳಗೆ ಸ್ವಲ್ಪ ತೇವ ಸೇರಿದ್ದರೂ ಅದು ಅಲ್ಲೇ ಉಳಿದು ಬಟ್ಟೆಯನ್ನು ಕೆಡಿಸುತ್ತದೆ. ತೊಳೆದು ಚೆನ್ನಾಗಿ ಒಣಗಿಸಿದ ಹಳೆಯ ಪಂಚೆಯಲ್ಲಿ ಸುತ್ತಿಡಿ. ಕಾಗದ ಮತ್ತು ಬಣ್ಣಗಳಿಗೆ ಅಜ್ಜಿಯ ಕಾಲದ ತಗಡಿನ ಟ್ರಂಕಿಗಿಂತ ಒಳ್ಳೆಯದಿಲ್ಲ. ಮೇ ತಿಂಗಳ ಬಿಸಿಲಲ್ಲಿ ಟ್ರಂಕನ್ನೂ ಕಾಗದವನ್ನೂ ಕಾಯಿಸಿ, ಆರಿದ ಮೇಲೆ ತುಂಬಿ, ಮುಚ್ಚಳದ ಅಂಚಿಗೆ ಬಟ್ಟೆಯ ಪಟ್ಟಿ ಕೊಟ್ಟು ಮುಚ್ಚಿ, ನಾಲ್ಕು ಇಟ್ಟಿಗೆಯ ಮೇಲೆ ಇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ. ಬೇವಿನೆಲೆ ಹಾಕುವವರು ಅದು ಕೈಯಲ್ಲಿ ಪುಡಿಯಾಗುವಷ್ಟು ಒಣಗಿದೆಯೇ ಎಂದು ನೋಡಿಯೇ ಹಾಕಬೇಕು. ಹಸಿಯೆಲೆ ಒಳಗೆ ತೇವವನ್ನೇ ಸೇರಿಸುತ್ತದೆ. ಕತ್ತರಿ ಮತ್ತು ಸೂಜಿಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿದ ಬಟ್ಟೆಯಿರಲಿ, ಆದರೆ ಬಳಸುವ ಮೊದಲು ಹಾಳು ಬಟ್ಟೆಯ ಮೇಲೆ ನಾಲ್ಕು ಹೊಲಿಗೆ ಹಾಕಿ ಎಣ್ಣೆ ತೆಗೆಯಿರಿ. ಮಳೆ ಬಿಡುವು ಕೊಟ್ಟ ದಿನ ಕಿಟಕಿ ಬಾಗಿಲು ತೆರೆದು ಫ್ಯಾನ್ ಹಾಕಿ, ಎಲ್ಲ ಅರೆಗಳಿಗೂ ಗಾಳಿ ಹಾಯಲಿ. ಹೆಂಚಿನ ಸಾಲಿನಲ್ಲಿ ಗಾಜಿನ ಹೆಂಚು ಇಲ್ಲದಿದ್ದರೆ ಮಳೆಗಾಲಕ್ಕೆ ಮೊದಲು ಮೇಜಿನ ನೇರಕ್ಕೆ ಒಂದೆರಡನ್ನು ಹಾಕಿಸಿಕೊಳ್ಳಿ. ಅಷ್ಟು ಕಡಿಮೆ ಖರ್ಚಿನಲ್ಲಿ ಹಗಲು ಬೆಳಕು ಕೊಡುವ ಇನ್ನೊಂದು ವಸ್ತು ನನಗೆ ತಿಳಿದಿಲ್ಲ.

ಪ್ರಶ್ನೆ: ಬಾಡಿಗೆ ಫ್ಲ್ಯಾಟಿನ ಚಿಕ್ಕ ಕೋಣೆಯಲ್ಲಿ ಯಜಮಾನರು ದಿನವಿಡೀ ವಿಡಿಯೋ ಸಭೆಗಳಲ್ಲಿರುತ್ತಾರೆ. ನಾನು ಅಲ್ಲೇ ಬ್ಲೌಸ್ ಹೊಲಿದು ಕೊಡುತ್ತೇನೆ. ಯಂತ್ರದ ಸದ್ದಿನಿಂದ ಇಬ್ಬರಿಗೂ ಇರಿಸುಮುರಿಸು. ಗೋಡೆಗೆ ಮೊಳೆ ಹೊಡೆಯಲು ಮನೆಯ ಮಾಲೀಕರು ಒಪ್ಪುವುದಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಬಾಡಿಗೆ ಮನೆಯಲ್ಲಿ ಗೋಡೆಗೆ ಸೇರಿದ ಯಾವ ಮರದ ಕೆಲಸವನ್ನೂ ಮಾಡಿಸಬೇಡಿ. ಬಿಚ್ಚಿದರೆ ಲಿಫ್ಟಿನಲ್ಲಿ ಹಿಡಿಸುವಂಥದ್ದನ್ನು ಮಾತ್ರ ಕೊಳ್ಳಿ.

ಸದ್ದಿನ ಹೆಚ್ಚು ಭಾಗ ಯಂತ್ರದಿಂದ ಮೇಜಿಗೂ ಮೇಜಿನಿಂದ ನೆಲಕ್ಕೂ ಇಳಿಯುವ ನಡುಕ. ಯಂತ್ರ ಮತ್ತು ಕಂಪ್ಯೂಟರ್ ಒಂದೇ ಮೇಜಿನ ಮೇಲಿದ್ದರೆ ಕ್ಯಾಮೆರಾದಲ್ಲಿ ಮುಖವೇ ಅಲುಗಾಡುತ್ತದೆ. ಯಂತ್ರಕ್ಕೆ ಪ್ರತ್ಯೇಕ ಗಟ್ಟಿ ಮೇಜಿರಲಿ, ಅದು ಗೋಡೆಗೆ ತಾಗದಿರಲಿ, ಯಂತ್ರದ ಕೆಳಗೂ ಮೇಜಿನ ಕಾಲುಗಳ ಕೆಳಗೂ ದಪ್ಪ ರಬ್ಬರ್ ತುಂಡುಗಳನ್ನು ಕೊಡಿ. ಹಳೆಯ ಯೋಗ ಚಾಪೆಯನ್ನು ಕತ್ತರಿಸಿ ಎರಡು ಪದರ ಮಾಡಿದರೂ ಆಗುತ್ತದೆ. ಇಬ್ಬರ ನಡುವೆ ಬಟ್ಟೆ ತುಂಬಿದ ತೆರೆದ ರ್ಯಾಕ್ ನಿಲ್ಲಿಸಿ, ಅದರ ಹಿಂಬದಿಗೆ ದಪ್ಪನೆಯ ಕೌದಿಯೊಂದನ್ನು ಇಳಿಬಿಡಿ. ಪದರ ಪದರ ಹತ್ತಿ ಸದ್ದನ್ನು ಹೀರಿಕೊಳ್ಳುವುದರಿಂದ ಯಂತ್ರದ ಕರಕರ ತಗ್ಗುತ್ತದೆ, ಯಜಮಾನರ ಮಾತಿನ ಮಾರ್ದನಿಯೂ ಕಡಿಮೆಯಾಗಿ ಸಭೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಸಭೆಗಳ ಹೊತ್ತನ್ನು ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದಿಟ್ಟರೆ ಆ ಹೊತ್ತಿಗೆ ನೀವು ಕತ್ತರಿಸುವ, ಹುಕ್ಕು ಹಾಕುವ, ಹೆಮ್ಮಿಂಗ್ ಮಾಡುವ ಕೆಲಸಗಳನ್ನು ಇಟ್ಟುಕೊಳ್ಳಬಹುದು.

ಕುರ್ಚಿಯನ್ನು ಹಳತು ಕೊಳ್ಳಿ. ಶಿವಾಜಿನಗರದ ಕಡೆಯ ಹಳೆಯ ಪೀಠೋಪಕರಣದ ಅಂಗಡಿಗಳಲ್ಲಿ ಕಚೇರಿಗಳಿಂದ ಬಂದ ಕುರ್ಚಿಗಳು ಸಿಗುತ್ತವೆ. ಹತ್ತು ನಿಮಿಷ ಕುಳಿತೇ ನೋಡಿ. ಎತ್ತರ ಏರಿಸಿ ಕುಳಿತಾಗ ಅದು ತಾನಾಗಿ ಕೆಳಗಿಳಿದರೆ ಒಳಗಿನ ಗ್ಯಾಸ್ ಕೊಳವೆ ಕೆಟ್ಟಿದೆ. ತಲೆಕೆಳಗು ಮಾಡಿ ಐದು ಕಾಲುಗಳ ಬುಡದಲ್ಲಿ ಬಿರುಕು ಇದೆಯೇ ನೋಡಿ. ಬಟ್ಟೆ ಹರಿದಿದ್ದರೆ ಚಿಂತೆಯಿಲ್ಲ, ಹೊಲಿಯುವವರು ನೀವೇ ಇದ್ದೀರಿ.

ಪ್ರಶ್ನೆ: ವಾಸ್ತುವಿನಂತೆ ಕೆಲಸ ಮಾಡುವವರು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಬೇಕೆಂದು ಹಿರಿಯರು ಹೇಳುತ್ತಾರೆ. ನಮ್ಮ ಕಿಟಕಿ ಪೂರ್ವದಲ್ಲಿದೆ. ನೀವೋ ಕಿಟಕಿಗೆ ಎದುರಾಗಿ ಕೂರಬೇಡಿ ಎನ್ನುತ್ತೀರಿ.
– ಓದುಗರು, ಮಂಡ್ಯ

ಉತ್ತರ: ಉತ್ತರಕ್ಕೆ ಮುಖ ಮಾಡಿ ಕುಳಿತುಕೊಳ್ಳಿ. ಹಿರಿಯರ ಮಾತೂ ನಡೆಯಿತು, ಕಿಟಕಿಯೂ ಪಕ್ಕಕ್ಕೆ ಬಂತು. ಬೆಳಕು ಬಲಗಡೆಯಿಂದ ಬರುವುದರಿಂದ ಬರೆಯುವಾಗ ಕೈಯ ನೆರಳು ಬೀಳಬಹುದು, ಎಡಗಡೆಗೆ ಒಂದು ಟೇಬಲ್ ಲ್ಯಾಂಪ್ ಇಟ್ಟರೆ ಆಯಿತು. ಪೂರ್ವದ ಎಳೆಬಿಸಿಲು ಬೆಳಿಗ್ಗೆ ಹತ್ತರವರೆಗೂ ಒಳಗೆ ಬರುತ್ತದೆ. ಕಿಟಕಿಯ ಕೆಳಭಾಗಕ್ಕೆ ಮಾತ್ರ ಅರ್ಧ ಪರದೆ ಹಾಕಿ, ಮೇಲ್ಭಾಗದಿಂದ ಬೆಳಕು ಬರಲು ಬಿಡಿ. ಬಣ್ಣದ ದಾರ, ರೇಷ್ಮೆಯ ಚೂರುಗಳನ್ನು ಆ ಬಿಸಿಲು ಬೀಳುವಲ್ಲಿ ಇಡಬೇಡಿ, ತಿಂಗಳೊಳಗೆ ಬಣ್ಣ ಮಾಸುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮನೆಯಲ್ಲಿ ಅಮ್ಮನ ಕಾಲದ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವಿದೆ, ಹಳೆಯ ಸಾಗುವಾನಿಯ ಎರಡು ಬಾಗಿಲುಗಳಿವೆ. ಮಕ್ಕಳು ಗುಜರಿಗೆ ಹಾಕೋಣ ಎನ್ನುತ್ತಾರೆ. ಬರವಣಿಗೆಗೂ ಮೊಮ್ಮಕ್ಕಳ ಬಟ್ಟೆ ಹೊಲಿಯುವುದಕ್ಕೂ ಒಂದು ಕೋಣೆ ಸಿದ್ಧಪಡಿಸಿಕೊಳ್ಳುತ್ತಿದ್ದೇನೆ.
– ಓದುಗರು, ಶಿವಮೊಗ್ಗ

ಉತ್ತರ: ಎರಡನ್ನೂ ಕೊಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಇಂದಿನ ಬೆಲೆಯಲ್ಲಿ ಅಂಥ ಸಾಗುವಾನಿಯನ್ನು ಕೊಳ್ಳಲು ಹೋದರೆ ನಿಮ್ಮ ಇಡೀ ಕೋಣೆಯ ಖರ್ಚು ಒಂದು ಬಾಗಿಲಿಗೇ ಸಾಲದು. ಮೊದಲು ಬಾಗಿಲುಗಳನ್ನು ಬಿಳಿ ಕಾಗದದ ಮೇಲೆ ಎರಡು ವಾರ ಮಲಗಿಸಿಡಿ. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಇನ್ನೂ ಜೀವಂತವಿದೆ, ಔಷಧ ಹೊಡೆಸಿದ ಮೇಲೆಯೇ ಒಳಗೆ ತನ್ನಿ. ಪುಡಿ ಇಲ್ಲದಿದ್ದರೆ ಅವು ಹಳೆಯ ತೂತುಗಳು, ಅಂಜಬೇಕಿಲ್ಲ. ಬಡಗಿಯವರಿಂದ ಉಜ್ಜುಕಾಗದ ಹಾಕಿಸಿ, ಒಂದು ಬಾಗಿಲಿಗೆ ಕಬ್ಬಿಣದ ಕಾಲು ಕೊಡಿಸಿ ಬರೆಯುವ ಮೇಜು ಮಾಡಿಕೊಳ್ಳಿ. ಚೌಕಟ್ಟಿನ ತಗ್ಗುಗಳಿದ್ದರೆ ಮೇಲೆ ಅಂಚು ಉಜ್ಜಿದ ಎಂಟು ಮಿಲಿಮೀಟರಿನ ಗಾಜು ಹಾಸಿದರೆ ಸಮತಟ್ಟಾಗುತ್ತದೆ. ಇನ್ನೊಂದನ್ನು ಅಡುಗೆಕಟ್ಟೆಯ ಎತ್ತರಕ್ಕೆ, ಅಂದರೆ 34 ಇಂಚಿನಷ್ಟಕ್ಕೆ ನಿಲ್ಲಿಸಿ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳಿ. ನೆಲದ ಮೇಲೆ ಬಗ್ಗಿ ಕತ್ತರಿಸುವುದು ಈ ವಯಸ್ಸಿನ ಮಂಡಿಗೆ ಬೇಡ.

ಯಂತ್ರವನ್ನು ಕಿಟಕಿಯ ಪಕ್ಕದಲ್ಲಿಡಿ. ಕರೆಂಟು ಹೋದಾಗಲೂ ಓಡುವ ಯಂತ್ರ ಅದು, ನಿಮ್ಮ ಕಾಲಿನ ಲಯಕ್ಕೆ ತಕ್ಕಂತೆ ನಿಧಾನವಾಗಿಯೂ ನಡೆಯುತ್ತದೆ. ತುಂಬ ವರ್ಷ ನಿಂತಿರುವುದಾದರೆ ಬಲವಂತವಾಗಿ ಚಕ್ರ ತಿರುಗಿಸಬೇಡಿ, ಒಳಗೆ ಎಣ್ಣೆ ಅಂಟುಗಟ್ಟಿರುತ್ತದೆ. ಎಣ್ಣೆ ಬಿಡುವ ಪ್ರತಿ ತೂತಿಗೂ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇರಲಿ, ಹತ್ತಿರದಲ್ಲಿ ದೀಪವಾಗಲಿ ಊದುಕಡ್ಡಿಯಾಗಲಿ ಹಚ್ಚಬೇಡಿ. ಮರುದಿನ ಕೈಯಿಂದ ಮೆಲ್ಲಗೆ ಚಕ್ರ ತಿರುಗಿಸಿ, ಹೊರಬಂದ ಕೊಳೆಯನ್ನು ಒರೆಸಿ, ಆಮೇಲೆ ಯಂತ್ರದ ಎಣ್ಣೆ ಬಿಡಿ. ಚರ್ಮದ ಬೆಲ್ಟು ಒಣಗಿ ಬಿರಿದಿದ್ದರೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಹೊಸದು ಕೇಳಿ ತನ್ನಿ, ಅಳತೆಗೆ ಹಳೆಯದನ್ನು ಜೊತೆಗೆ ಒಯ್ಯಿರಿ.